ಕೂಸಿದ್ದಾಗಿನ ರಕ್ತ

ಜುಲೈ 9, 2024. ಬೆಳಿಗ್ಗೆ 10

ದಾಂಡೇಲಿ ಬಸ್ ಸ್ಟ್ಯಾಂಡ್ ಪಾಳಿ. ನನ್ನ ಮುಂದ ಇನ್ನೂ ಎರಡು ಆಟೋ. ಮಳಿ ಬಿಡವಲ್ದು. ರೆಸಾರ್ಟ್ ಗಿರಾಕಿ ಯಾರೂ ಇಲ್ಲ — ಹೊಳಿ ತುಂಬೇತಿ, ರಾಫ್ಟಿಂಗ್ ಬಂದ್. ಮಿಲ್ಲಿನ ಶಿಫ್ಟಿನವ್ರನ್ನ ಬಿಟ್ಟೆ, ಶಾಲಿ ಹುಡುಗ್ರನ್ನ ಬಿಟ್ಟೆ. ನನ್ನ ಮಗಳು ಸಮೀನಾ ಅವ್ರೊಳಗ ಇದ್ದಿಲ್ಲ.

ಮತ್ತ ನೋವು ಶುರು ಆಗೇತಿ. ನಿನ್ನೆ ಶಾಲಿಂದ ಬರೂಮುಂದ ತೊಯ್ಸಿಕೊಂಡ್ಲು. ಇವತ್ತ ಎದ್ದಕೂಡ್ಲೆ ಕಾಲು ಅಂದ್ಲು. ಆಮ್ಯಾಲ ಬೆನ್ನು. ಅಳೂದಿಲ್ಲ ಆಕಿ. ಅದನ್ನ ನೋಡಾಕ ಆಗೂದಿಲ್ಲ — ತುಟಿ ಕಚ್ಚಿ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾಳ. ಒಂಬತ್ತು ವರ್ಷದ ಕೂಸು ಅಷ್ಟು ತಡಕೋಬಾರದು.

ಮೂರು ಡಾಕ್ಟರ್ ಆದ್ರು. ಒಬ್ರು ವಾತ ಅಂದ್ರು. ಒಬ್ರು ಕಾಮಣಿ ಅಂದ್ರು, ಕಣ್ಣು ಹಳದಿ ಆಗ್ತಾವಲ್ಲ, ಅದಕ್ಕ. ಇನ್ನೊಬ್ರು ರಕ್ತ ಕಮ್ಮಿ ಐತಿ, ಬೀಟ್‌ರೂಟ್ ತಿನಸ್ರಿ ಅಂದ್ರು. ಈಗ ಬೀಟ್‌ರೂಟ್ ಕಂಡ್ರ ಮಂಚದ ಕೆಳಗ ಹೋಗ್ತಾಳ.

ನನ್ನ ಹೆಂಡ್ತಿ ಜೈನಾಬಿ ಎಣ್ಣಿ ಕಾಸಿ ಮಗಳ ಕಾಲು ತಿಕ್ಕತಾಳ. ಕಡೀಕ ಅದ ಒಂದು ಮಾತು — "ನಾ ಹಾಲು ಬಿಡಸಬಾರದಿತ್ರೀ."

ಕೂಸು ಆರು ತಿಂಗಳದ್ದು ಇದ್ದಾಗ ಜೋಯಿಡಾ ಕಡೆ ಒಂದು ಹೋಂಸ್ಟೇಕ್ಕ ಅಡಗಿ ಕೆಲಸಕ್ಕ ಹೋದ್ಲು. ಮುಂಜಾನೆ ಹೋಗಿ ಸಂಜೀಕ ಬರಾಕಿ. ಸಮೀನಾಗ ಡಬ್ಬಿ ಹಾಲು. ಅಲ್ಲೀತನಕ ಗುಂಡಗ ಇದ್ದ ಕೂಸು, ಅದ ತಿಂಗಳದಾಗ ಕೈಕಾಲು ಬಾತು ಚೀರಾಡಾಕ ಹತ್ತಿತು. ಅವತ್ತಿಂದ ಜೈನಾಬಿ ತಲ್ಯಾಗ ಅದು ಕೂತೈತಿ. ನಮ್ಮ ಅಮ್ಮಾ ಇರೂತನಕ ಆಕಿನೂ ಅದನ್ನ ಅಂದ್ಲು. ಅಮ್ಮಾ ತೀರಿಕೊಂಡ್ಲು. ಮಾತು ಉಳೀತು.

ಪಾಳಿ ಬಂತು.

ಜುಲೈ 12

ಎದ್ದು ಕೂತಾಳ. ಅನ್ನ ಸಾರು ತಿಂದ್ಲು. ನಾಳೆ ಶಾಲಿಗೆ ಹೋಗ್ತೇನಿ ಅಂತ ಹಟ. ಸುನಂದಾ ಟೀಚರ್ ಹಾಜರಿ ಕಮ್ಮಿ ಐತಿ ಅಂತ ಹೇಳಿ ಕಳಿಸಿದ್ರು. ಬೈದಿಲ್ಲ ಅವ್ರು. ಆದ್ರ ಹುಡುಗ್ರು ಬಿಡ್ತಾವೇನು — ಮೈಗಳ್ಳಿ ಅಂತಾವಂತ.

ಜ್ಯೋತಿಬಾ ಬಂದಿದ್ದ, ಬಿಸಿನೀರಿನ ಚೀಲ ತಂದು ಕೊಟ್ಟ. ಖಾನಾಪುರ ಕಡೆಯಾಂವ, ನನ್ನಂಗ ಆಟೋ. ಸ್ಟ್ಯಾಂಡಿನ್ಯಾಗ ಪಾಳಿಗಾಗಿ ನನ್ನ ಜೋಡಿ ಜಗಳ ಆಡೂದು, ಮನಿಗೆ ಬಂದು ಚಾ ಕುಡಿಯೂದು. "ಹುಬ್ಬಳ್ಳಿಗೆ ಒಯ್ಯೋ ಭಾವು. ಇಲ್ಲಿ ಎಷ್ಟು ದಿನಾ ತಿಕ್ಕೋತ ಕೂಡ್ತೀರಿ."

ಮುಂದಿನ ವಾರ ಹೋಗೂಣು ಅಂದೇನಿ.

ಜುಲೈ 30. ಹುಬ್ಬಳ್ಳಿ

ಮುಂದಿನ ವಾರ ಅಂದಿದ್ದೆ. ನಾವು ಹೋಗೂದಕ್ಕ ಮೊದಲ ಅದ ಬಂತು.

ಬರಿಯಾಕ ಆಗಿಲ್ಲ ಇಷ್ಟು ದಿನಾ. ಎದಿ ನೋವು, ಉಸಿರು ಹತ್ತವಲ್ದು. ದಾಂಡೇಲಿ ದವಾಖಾನಿಯವ್ರು ಆಂಬ್ಯುಲೆನ್ಸ್‌ನ್ಯಾಗ ಹಾಕಿ ಕಳಿಸಿದ್ರು. ಹಳಿಯಾಳ ದಾಟೂತನಕ ಕಣ್ಣು ತೆರೀಲಿಲ್ಲ. ಜೈನಾಬಿ ಕಲ್ಮಾ ಓದಾಕತ್ತಿದ್ಲು. ನಾ ಮಗಳ ಉಸಿರು ನೋಡಾಕತ್ತಿದ್ದೆ.

ಆಕ್ಸಿಜನ್ ಇಟ್ರು. ರಕ್ತ ಏರಿಸಿದ್ರು. ಸಲೈನ್. ಇವತ್ತ ತಾನ ನೀರು ಬೇಡಿದ್ಲು. "ಅಬ್ಬಾ, ಆಂಬ್ಯುಲೆನ್ಸ್ ಎಷ್ಟ್ ಸ್ಪೀಡ್ ಹೋಗ್ತೈತಿ, ನಿನ್ನ ಆಟೋಕಿಂತ?" ಅಂದ್ಲು.

ಆಟೋಕಿಂತ ಭಾಳ ಸ್ಪೀಡ್, ಅಂದೆ. ಹೊರಗ ಬಂದು ಕೂತೆ.

ಆಗಸ್ಟ್ 2. ಹುಬ್ಬಳ್ಳಿ

ರಕ್ತದ ಬ್ಯಾರೆ ಟೆಸ್ಟ್ ಮಾಡ್ಯಾರ. ಹಿಮೋಗ್ಲೋಬಿನ್ ಯಾವ ನಮೂನಿದು ಅಂತ ನೋಡೂದಂತ. ನಮೂನಿ ಇರ್ತಾವ ಅನ್ನೂದ ಗೊತ್ತಿದ್ದಿಲ್ಲ ನಂಗ.

ರಿಪೋರ್ಟ್ ಬಂತು. ಸಿಕಲ್ ಸೆಲ್.

ಡಾ. ಮಧುಮತಿ ಅಂತ, ಮಕ್ಕಳ ಡಾಕ್ಟರ್. ಧಾರವಾಡದವ್ರು. ಕುರ್ಚಿ ಎಳಕೊಂಡು ಮಂಚದ ಹತ್ರ ಕೂತು ಹೇಳಿದ್ರು. ರಕ್ತದ ಕಣ ಗುಂಡಗ ಇರಬೇಕು, ಇಕಿವು ಕುಡಗೋಲಿನಂಗ ಡೊಂಕ ಆಗ್ತಾವ. ಡೊಂಕ ಆದವು ಸಣ್ಣ ನಾಳದಾಗ ಸಿಕ್ಕೊಂಡು ದಾರಿ ಕಟ್ತಾವ. ಎಲ್ಲೆ ಕಟ್ತಾವ ಅಲ್ಲೆ ನೋವು. ಥಂಡಿ, ನೀರು ಕುಡೀದ ಇರೂದು, ಜ್ವರ — ಯಾವುದಾದ್ರೂ ಒಂದು ನೆವ ಸಾಕು.

"ನಿಮ್ಮಿಬ್ಬರ ಕಡಿಂದ ಒಂದೊಂದು ದೋಷ ಬಂದದ. ಒಂದ ಇದ್ರ ಏನೂ ತ್ರಾಸ ಇಲ್ಲ, ನೀವು ಇಬ್ರೂ ಆರಾಮ ಇದ್ದೀರಲ್ಲ. ಎರಡೂ ಕೂಡಿದ್ರ ಹಿಂಗ."

"ನಾವು ಸಿದ್ದಿಯವ್ರು ಅಂತೇನ್ರಿ?" ಅಂತ ಕೇಳಿದೆ.

"ನಿಮ್ಮೊಳಗ ಅಷ್ಟ ಅಲ್ರೀ. ಅಡವಿ ಸೆರಗಿನ ಭಾಳ ಮಂದ್ಯಾಗ ಅದ. ಹಿಂದ ಮಲೇರಿಯಾ ಎಲ್ಲೆಲ್ಲಿ ಇತ್ತು, ಅಲ್ಲೆಲ್ಲಾ."

ಹೆಸರು ಸಿಕ್ಕಿತು. ಖುಷಿ ಪಡಬೇಕೋ ಅಳಬೇಕೋ ತಿಳೀಲಿಲ್ಲ.

ಆಗಸ್ಟ್ 5. ಸಂಜೆ. ಮನಿ

ಇವತ್ತ ಡಿಸ್ಚಾರ್ಜ್. ಬರಿಯೂದು ಭಾಳ ಐತಿ. ಮರಿಯೂದಕ್ಕ ಮೊದಲ ಬರೀಬೇಕು.

ಹೊರಡೂಮುಂದ ಡಾಕ್ಟರ್ ಮೇಡಂ ಎಲ್ಲಾ ಕೇಳಿ ಬರಕೊಳ್ಳಾಕತ್ತಿದ್ರು. ಮೊದಲ್ನೇ ಸಲ ಯಾವಾಗ ಆತು? ಜೈನಾಬಿ ತಲಿ ಬಗ್ಗಿಸಿ ಹೇಳಿದ್ಲು — ಆರನೇ ತಿಂಗಳಿಗ್ರೀ. ಕೈಕಾಲು ಬಾತಿದ್ವು. ಅದಕ್ಕ ಮೊದಲ ಒಂದ ನೆಗಡಿ ಸುದ್ದಾ ಇದ್ದಿಲ್ಲ. ನಾ ಹಾಲು ಬಿಡಿಸಿದೆ, ಅದರಿಂದ ಆತು.

ಡಾಕ್ಟರ್ ಪೆನ್ನು ಕೆಳಗ ಇಟ್ರು.

"ಹಾಲಿಂದ ಅಂತ ಯಾರು ಹೇಳಿದ್ರು?"

ಯಾರೂ ಹೇಳಲಿಲ್ಲ. ಎಲ್ಲಾರೂ ಹೇಳಿದ್ರು.

"ಕೇಳ್ರಿ ಇಲ್ಲೆ," ಅಂದ್ರು. "ಹೊಟ್ಟ್ಯಾಗ ಇದ್ದಾಗ ಕೂಸಿನ ರಕ್ತದಾಗ ಬ್ಯಾರೆ ಹಿಮೋಗ್ಲೋಬಿನ್ ಇರ್ತದ. ಅದಕ್ಕ ಒಂದು ಜೀನ್ ಅದ. ಹುಟ್ಟಿದ ಮ್ಯಾಲ ಆ ಜೀನ್ ಸಾವಕಾಶ ಬಂದ್ ಆಗ್ತದ. ದೊಡ್ಡವ್ರ ಹಿಮೋಗ್ಲೋಬಿನ್ ಮಾಡೂ ಜೀನ್ ಚಾಲೂ ಆಗ್ತದ. ಎಲ್ಲಾ ಮಕ್ಕಳಿಗೂ ಹಂಗ. ನನಗೂ ಹಂಗ ಆಗಿರ್ತದ, ನಿಮಗೂ. ಸಮೀನಾಗ ದೋಷ ಇರೂದು ಆ ಎರಡನೇದರಾಗ. ಮೊದಲ್ನೇದು ಛಲೋ ಅದ. ಅದು ಚಾಲೂ ಇರೂತನಕ ಆಕಿನ್ನ ಕಾಯ್ತು. ಬಂದ್ ಆತು, ಕಾಯಾಂವ ಇಲ್ಲಧಂಗ ಆತು."

"ಯಾವಾಗ ಬಂದ್ ಆಗ್ತೈತಿ ಅಂದ್ರಿ?" ಜೈನಾಬಿ.

"ಐದಾರು ತಿಂಗಳಿಗೆ."

"ಹಾಲು ಬಿಡಸಲಿಲ್ಲಂದ್ರ?"

"ಆವಾಗೂ ಐದಾರು ತಿಂಗಳಿಗೇ. ಎರಡು ವರ್ಷ ಹಾಲು ಕೊಟ್ಟಿದ್ರೂ ಅಷ್ಟ. ಹಾಲಿಗೂ ಇದಕ್ಕೂ ಸಂಬಂಧನ ಇಲ್ರೀ."

"ನಾ ಕೆಲಸಕ್ಕ ಹೋಗಿದ್ದಕ್ಕ—"

"ಅದಕ್ಕೂ ಇಲ್ಲ."

ಮತ್ತ ಒಂದ ಸಲ ಕೇಳಿದ್ಲು. ಡಾಕ್ಟರ್ ಮತ್ತ ಹೇಳಿದ್ರು. ಬ್ಯಾಸರ ಮಾಡ್ಕೊಳ್ಳಲಿಲ್ಲ.

ಸಮೀನಾ ಮಂಚದ ಮ್ಯಾಲ ಕೂತು ಎಲ್ಲಾ ಕೇಳಾಕತ್ತಿದ್ಲು. "ಮೇಡಂ, ಜೀನ್ ಅಂದ್ರ ಎಲ್ಲೆ ಇರ್ತೈತಿ?"

"ನಿನ್ನ ಮೈಯಾಗ ಎಲ್ಲಾ ಕಡೆ. ಒಂದೊಂದು ಕಣದಾಗೂ ಎಲ್ಲಾ ಜೀನ್ ಇರ್ತಾವ."

"ಮೂಗಿನ್ಯಾಗೂ?"

"ಮೂಗಿನ್ಯಾಗೂ."

"ಮತ್ತ ನನ್ನ ಮೂಗು ಯಾಕ ರಕ್ತ ಮಾಡೂದಿಲ್ಲ?"

ಮೇಡಂ ನಕ್ಕರು. ಬಾಜೂ ಮಂಚದವ್ರೂ ನಕ್ಕರು. ಆಮ್ಯಾಲ ಖರೇನ ಹೇಳಿದ್ರು, ದೊಡ್ಡವ್ರಿಗೆ ಹೇಳಿದಂಗ. ಎಲ್ಲಾ ಜೀನ್ ಇದ್ರೂ ಒಂದು ಕಣ ಎಲ್ಲಾ ಚಾಲೂ ಮಾಡೂದಿಲ್ಲ. ತನಗ ಬೇಕಾದಷ್ಟ ಚಾಲೂ, ಉಳಿದದ್ದು ಬಂದ್. ಮೂಗಿನ ಕಣ ರಕ್ತದ ಜೀನ್ ಬಂದ್ ಇಡ್ತದ, ಎಲುಬಿನ ಒಳಗಿನ ಕಣ ಅದನ್ನ ಚಾಲೂ ಇಡ್ತದ. ಬಂದ್ ಮಾಡಾಕ ಕೆಲವು ಪ್ರೋಟೀನ್ ಇರ್ತಾವ. ಜೀನಿನ ಮಗ್ಗಲಕ ಹೋಗಿ ಕೂತುಬಿಡ್ತಾವ. ಕೂತ್ರ ಕಣಕ್ಕ ಅದನ್ನ ಓದಾಕ ಬರೂದಿಲ್ಲ.

"ಅಂದ್ರ ಕೂಸಿದ್ದಾಗಿನ ಜೀನ್ ಅಳಿಸಿ ಹೋಗಿಲ್ಲೇನ್ರಿ?" ಇದು ನಾ ಕೇಳಿದ್ದು.

"ಇಲ್ಲ. ಅಲ್ಲೇ ಅದ. ಬಂದ್ ಅದ, ಅಷ್ಟ."

"ಚಾಲೂ ಮಾಡಾಕ ಬರ್ತೈತೇನ್ರಿ?"

"ಪೂರಾ ಬರೂದಿಲ್ಲ. ಸ್ವಲ್ಪ ಮಾಡಬಹುದು. ಒಂದು ಗುಳಿಗಿ ಅದ. ಎಲ್ಲಾ ಮಕ್ಕಳಿಗೂ ಒಂದೇ ಅಳತಿ ಕೆಲಸ ಮಾಡೂದಿಲ್ಲ. ತಿಂಗಳ ತಿಂಗಳ ರಕ್ತ ಪರೀಕ್ಷಾ ಮಾಡಿಸಬೇಕು. ಮೂರು ತಿಂಗಳಿಗೋ ಆರು ತಿಂಗಳಿಗೋ ಗೊತ್ತಾಗ್ತದ. ಹೆಂಗ ಚಾಲೂ ಮಾಡ್ತದ ಅನ್ನೂದು ನಮಗೂ ಪೂರಾ ಗೊತ್ತಿಲ್ರೀ. ಮಾಡ್ತದ ಅನ್ನೂದು ಗೊತ್ತದ."

ಗೊತ್ತಿಲ್ಲ ಅಂದ ಡಾಕ್ಟರ್ ಇವರೊಬ್ರನ್ನ ನೋಡಿದ್ದು. ಯಾಕೋ ಅದಕ್ಕ ನಂಬಿಕಿ ಬಂತು.

ಬಸ್ಸಿನ್ಯಾಗ ಸಮೀನಾ ಕಿಟಕಿ ಕಡೆ, ನಡುವ ಜೈನಾಬಿ. ಕಲಘಟಗಿ ದಾಟಿತು. ಆಮ್ಯಾಲ ಅಂದ್ಲು, "ಹಾಲಿಂದ ಅಲ್ಲಂತ."

"ಅಲ್ಲ," ಅಂದೆ.

"ಕೇಳಿದ್ರಿಲ್ಲ ನೀವೂ?"

"ಕೇಳಿದೆ."

ನನ್ನ ಹೆಗಲ ಮ್ಯಾಲ ತಲಿ ಇಟ್ಟು ಮಲಗಿದ್ಲು. ದಾಂಡೇಲಿ ಬಂದ್ರೂ ಎಚ್ಚರ ಇಲ್ಲ. ಕಂಡಕ್ಟರ್ ಬಂದು ಎಬ್ಬಿಸಿದ. ಒಂಬತ್ತು ವರ್ಷದಾಗ ಆಕಿ ಹಂಗ ಮಲಗಿದ್ದು ನಾ ಕಂಡಿಲ್ಲ.

ಆಗಸ್ಟ್ 21

ಇವತ್ತಿಂದ ಗುಳಿಗಿ. ಹೈಡ್ರಾಕ್ಸಿಯೂರಿಯಾ. ನನ್ನ ಬಾಯಾಗ ಹೆಸರು ಬರೂದ್ರಾಗ ಸಮೀನಾಗ ಬಾಯಿಪಾಠ ಆಗೇತಿ. ದಿನಾ ಒಂದು, ಒಡೀಬಾರದು, ನೀರು ಭಾಳ ಕುಡೀಬೇಕು.

ಜ್ಯೋತಿಬಾಗ ಹೇಳಿದೆ. ತಲಿ ಅಲ್ಲಾಡಿಸಿ ಕೇಳಿದ. "ಗಾಡಿ ರಿಸರ್ವ್‌ಗೆ ಹಾಕಿಧಂಗ."

ಮೊದಲ ಹೌದು ಅನಸ್ತು. ಆಮ್ಯಾಲ ವಿಚಾರ ಮಾಡಿದ್ರ ಅಲ್ಲ. ರಿಸರ್ವ್ ಮುಗೀತೈತಿ. ಇದು ಮುಗಿಯೂದಲ್ಲ, ತೆಗೀಬೇಕು ಅಷ್ಟ. ಅಂವಗ ಹೇಳಲಿಲ್ಲ. ಖುಷಿ ಪಟ್ಟಿದ್ದ.

ಸೆಪ್ಟೆಂಬರ್ 8

ನಮ್ಮಪ್ಪ, ಬಾಬಾ, ಬಂದಾರ, ಹಳಿಯಾಳ ಕಡೆ ನಮ್ಮೂರಿಂದ. ಮೆಕ್ಕಿತೆನಿ ತಂದಾರ ಒಂದು ಚೀಲ. ಮೊಮ್ಮಗಳನ್ನ ಮಗ್ಗಲಕ ಕೂಡಿಸ್ಕೊಂಡು ಸುಟ್ಟು ಕೊಟ್ಟಾರ, ಆಕಿ ತಿಂದಾಳ. ಎಲ್ಲಾ ಛಲೋ ಇತ್ತು. ಉಂಡಮ್ಯಾಲ ಆಕಿ ಗುಳಿಗಿ ತಗೊಂಡ್ಲು. ಇದೇನು ಅಂದ್ರು ಬಾಬಾ. ಸಮೀನಾ ಹೆಸರು ಹೇಳಿದ್ಲು, ಜ್ವಾಕಿಲೆ, ಅಕ್ಷರ ಅಕ್ಷರ ಬಿಡಿಸಿ.

"ಯೂರಿಯಾ?" ಬಾಬಾ ನನ್ನ ಕಡೆ ನೋಡಿದ್ರು. "ಹೊಲಕ್ಕ ಹಾಕೂ ಯೂರಿಯಾ ಕೂಸಿಗೆ ಕೊಡಾಕತ್ತೀರೇನು?"

ಅದಲ್ಲ ಅಂದೆ. ಕೇಳಲಿಲ್ಲ. ಮೆಡಿಕಲ್‌ಗೆ ಹೋಗಿ ಗುಳಿಗಿ ಪಟ್ಟಿ ತೋರಿಸಿ ಕೇಳಿಕೊಂಡು ಬಂದ್ರು. ಅಂಗಡಿಯಾಂವ ಕ್ಯಾನ್ಸರ್‌ಗೆ ಕೊಡ್ತಾರ ಅಂದಾನ. ಬಾಬಾನ ಮಾರಿ ಕೆಂಪಗ ಆಗಿತ್ತು. ನಮ್ಮ ಬಾಬಾ ಇಬ್ರಾಹಿಂ ಸಾಬ್ ಸಿಟ್ಟು ಬಂದ್ರ ಕೂಗಾಡೂದಿಲ್ಲ. ಚೀಲ ತಗೊಂಡು ಹೊಂಟುಬಿಡ್ತಾರ. ಹೊಂಟಿದ್ರು.

ಬಾಗಲದಾಗ ಜೈನಾಬಿ ನಿಂತ್ಲು. ಸೊಸಿ ಆಗಿ ಬಂದು ಹದಿಮೂರು ವರ್ಷ ಆತು, ಮಾವನ ಮುಂದ ಇಷ್ಟು ಮಾತಾಡಿದ್ದು ನಾ ನೋಡಿಲ್ಲ.

"ಮಾವಾ, ಕ್ಯಾನ್ಸರ್‌ಗೂ ಕೊಡ್ತಾರಂತ, ಡಾಕ್ಟರ್ ಹೇಳ್ಯಾರ ಅದನ್ನ. ಇಕಿಗೆ ಬ್ಯಾರೆ ಅಳತಿ, ಬ್ಯಾರೆ ಕಾರಣಕ್ಕ. ಕೂಸಿದ್ದಾಗ ನಿಮ್ಮ ಮೊಮ್ಮಗಳು ಹೆಂಗ ಇದ್ಲು ನೆನಪ ಐತೇನು? ನೀವ ಹೆಗಲ ಮ್ಯಾಲ ಹೊತ್ತು ಊರೆಲ್ಲಾ ತೋರಿಸಿದ್ರಿ."

"ಐತಿ."

"ಆವಾಗಿನ ಛಲೋ ರಕ್ತ ಮಾಡೂದು ಆಕಿ ಒಳಗ ಇನ್ನೂ ಐತಂತ. ಮಲಗೇತಂತ. ಅದನ್ನ ಎಬ್ಬಿಸೂ ಗುಳಿಗಿ ಇದು. ಏಳ್ತೈತೋ ಇಲ್ಲೋ, ನೋಡೂಣು. ಎಬ್ಬಿಸಿ ನೋಡದ ನಾ ಬಿಡೂದಿಲ್ಲ."

ಬಾಬಾ ನಿಂತ್ರು. ಚೀಲ ಕೆಳಗ ಇಟ್ರು. ಚಾ ಮಾಡು ಅಂದ್ರು.

ರಾತ್ರಿ ಇಲ್ಲೆ ಉಳದ್ರು.

ಅಕ್ಟೋಬರ್ 3

ತಪಾಸಣಿ ಆತು. ರಕ್ತ ಸರಿ ಐತಿ. ಕೂಸಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ಅಷ್ಟ, ಆರು. ನೂರಕ್ಕ ಆರು. ಇಷ್ಟ ಜಲ್ದಿ ನೋಡಬ್ಯಾಡ್ರಿ ಅಂದ್ರು ಮೇಡಂ.

ನೋಡದ ಹೆಂಗ ಇರಬೇಕು. ದಿನಾ ಮುಂಜಾನೆ ಸಮೀನಾ ಎದ್ದಕೂಡ್ಲೆ ನಾವಿಬ್ರೂ ಆಕಿ ಕಾಲು ನೋಡ್ತೇವಿ. "ಏನ್ ನೋಡ್ತೀರಿ?" ಅಂತಾಳ. ಏನಿಲ್ಲ ಅಂತೇವಿ.

ಅಕ್ಟೋಬರ್ 19

ಎರಡು ದಿನಾ ಕೈ ನೋವು. ಮನ್ಯಾಗ ಕಮ್ಮಿ ಆತು. ಗುಳಿಗಿ ಕೆಲಸ ಮಾಡಾಕತ್ತೈತೋ, ನೋವ ಸಣ್ಣದಿತ್ತೋ. ಹೆಂಗ ತಿಳೀಬೇಕು.

ನವೆಂಬರ್ 14. ರಾತ್ರಿ

ಮಧ್ಯಾಹ್ನ ಹುಬ್ಬಳ್ಳಿಯಿಂದ ಫೋನ್. ಗುಳಿಗಿಯಿಂದ ರಕ್ತದ ಬಿಳಿ ಕಣ ಇಳದಾವಂತ. ಗುಳಿಗಿ ನಿಲ್ಲಸ್ರಿ, ಎರಡು ವಾರ ಬಿಟ್ಟು ಮತ್ತ ರಕ್ತ ನೋಡೂಣು. ಜ್ವರ ಬಂದ್ರ ಕೂಡ್ಲೆ ಬರ್ರಿ.

ಗಿರಾಕಿ ಕೂತಿದ್ರು ಹಿಂದ, ಗೋವಾದವ್ರು. ಅಂಬಿಕಾನಗರ ಎಷ್ಟು ದೂರ ಅಂತ ಕೇಳಾಕತ್ತಿದ್ರು. ಹತ್ತು ಸಲ ಹೋದ ದಾರಿ. ತಪ್ಪು ಹೇಳಿದೆ.

ಸಂಜೀಕ ಜೈನಾಬಿಗೆ ಅಂದೆ, ಸಾಕು ಮಾಡೂಣು. ಬಾಬಾ ಹೇಳಿದ್ದ ಖರೇ ಇರಬೇಕು.

"ಡಾಕ್ಟರ್ ನಿಲ್ಲಸ್ರಿ ಅಂದಾರ," ಅಂದ್ಲು. "ಬಿಡ್ರಿ ಅಂದಿಲ್ಲ."

ಸಿಟ್ಟಿಲೆ ಹೊರಗ ಹೋದೆ. ಎಲ್ಲೆ ಹೋಗೂದು. ಹೊಳಿ ದಂಡಿಗೆ ಹೋಗಿ ಕೂತು ಬಂದೆ. ಬರೂದ್ರಾಗ ತಾಟು ಹಾಕಿದ್ಲು. ಸಮೀನಾ ಒಬ್ಬಾಕಿನ ಮಾತಾಡಿದ್ಲು, ಶಾಲ್ಯಾಗ ಯಾರೋ ಓತಿಕ್ಯಾತ ಹಿಡಿದು ತಂದಿದ್ರಂತ.

ಡಿಸೆಂಬರ್ 6

ಕಣ ಏರ್ಯಾವ. ಅಳತಿ ಕಮ್ಮಿ ಮಾಡಿ ಮತ್ತ ಶುರು. ವಾರದಾಗ ಎರಡು ದಿನಾ ಬಿಟ್ಟು ಉಳಿದ ದಿನಾ ಒಂದು.

ನಡುವ ಏನು ಆತು ಅಂತ ಬರದಿಲ್ಲ. ಬರೀತೇನಿ. ಗುಳಿಗಿ ಇಲ್ಲದ ವಾರದಾಗ ನೋವು ಬಂತು. ದಾಂಡೇಲಿ ದವಾಖಾನ್ಯಾಗ ಇಟ್ಟಿದ್ದಿವಿ. ಸಲೈನ್ ಹಚ್ಚಿದ್ರು. ಈ ಸಲ ಅತ್ಲು. ಜೋರಾಗಿ ಅತ್ಲು. ನರ್ಸ್ ಗಾಬರಿ ಆದ್ರು. ಜೈನಾಬಿ ಮಾತ್ರ "ಅಳು, ಅಳು ಬೇಟಾ" ಅಂದ್ಲು, ತಲಿ ಸವರಿಕೋತ.

ಜ್ಯೋತಿಬಾ ಹೊತ್ತಿಗೆ ಸರಿಯಾಗಿ ಬುತ್ತಿ ತಂದ. ಅವನ ಹೆಂಡ್ತಿ ಮಾಡಿದ ಭಾಕ್ರಿ. ನನ್ನ ಪಾಳಿ ಬಾಡಿಗಿನೂ ಅಂವನ ಹೊಡದ. ನನ್ನ ಗಿರಾಕಿಗೂ ಏನೋ ನೆವ ಹೇಳಿ ಸಂಭಾಳಿಸ್ಯಾನ.

ಜನವರಿ 12, 2025

ಥಂಡಿ ಭಾಳ. ಮುಂಜಾನೆ ಮಂಜಿನ್ಯಾಗ ಮಿಲ್ಲಿನ ಚಿಮಣಿ ಕಾಣಿಸೂದಿಲ್ಲ. ಪ್ರತಿ ವರ್ಷ ಈ ತಿಂಗಳು ಆಕಿ ಹಾಸಿಗಿ ಹಿಡೀತಿದ್ಲು.

ಹಿಡಿದಿಲ್ಲ.

ಯಾರಿಗೂ ಹೇಳಿಲ್ಲ. ಬಾಯಿಲೆ ಅಂದ್ರ ನೆದರಾದೀತು, ದೃಷ್ಟಿ ಹತ್ತೀತು ಅಂತ. ಇಲ್ಲೆ ಬರೀತೇನಿ ಅಷ್ಟ.

ಫೆಬ್ರುವರಿ 18. ಹುಬ್ಬಳ್ಳಿ, ಬಸ್ ಸ್ಟ್ಯಾಂಡ್

ಬಸ್ಸಿಗೆ ಹೊತ್ತೈತಿ. ಬರದಬಿಡ್ತೇನಿ.

ಹದಿನಾಲ್ಕು.

ಆರು ಇದ್ದದ್ದು ಹದಿನಾಲ್ಕು ಆಗೇತಿ. ಮೇಡಂ ಕಾಗದ ಎರಡು ಸಲ ನೋಡಿದ್ರು. ಹಳೇದು ತೆಗೆದು ಬಾಜೂಕ ಇಟ್ಟು ನೋಡಿದ್ರು. ಆಮ್ಯಾಲ ನಮ್ಮ ಕಡೆ ತಿರುಗಿಸಿ ಬೊಟ್ಟು ಇಟ್ಟು ತೋರಿಸಿದ್ರು.

"ಎದ್ದೈತೇನ್ರಿ?" ಜೈನಾಬಿ ಕೇಳಿದ್ಲು.

"ಕಣ್ಣು ಬಿಟ್ಟದ," ಅಂದ್ರು ಮೇಡಂ. "ಇನ್ನೂ ಏರಬಹುದು. ಏರದನೂ ಇರಬಹುದು. ಇಷ್ಟ ಆದ್ರೂ ಛಲೋನ ಆತು."

ರೋಗ ಹೋಗಿಲ್ಲ, ಅಂತ ಮತ್ತ ಹೇಳಿದ್ರು. ಗುಳಿಗಿ ಬಿಟ್ರ ಮತ್ತ ಬಂದ್ ಆಗ್ತೈತಂತ. ಗೊತ್ತೈತಿ. ಹೂಂ ಅಂದೆ. ಆದ್ರ ಮಗಳ ಒಳಗ, ಎಲುಬಿನ ಒಳಗ, ಎಲ್ಲೋ ಕಣ್ಣಿಗೆ ಕಾಣದ ಜಾಗಾದಾಗ, ಆರು ತಿಂಗಳಿನ ಕೂಸಿದ್ದಾಗ ಸುಮ್ಮಾದದ್ದು ಮತ್ತ ಕೆಲಸಕ್ಕ ಹತ್ತೈತಿ.

ಸಮೀನಾ ಗಿರಮಿಟ್ ಬೇಕು ಅಂದಾಳ. ಕೊಡಿಸಿದೆ. ಎರಡನೇದೂ ಬೇಕಂತ.

ಮಾರ್ಚ್ 9

ರಮಜಾನ್. ಸಮೀನಾಗ ರೋಜಾ ಬ್ಯಾಡ ಅಂದೇವಿ, ನೀರು ಬಿಡಾಂಗಿಲ್ಲ ಆಕಿ. ಸಿಟ್ಟು. ಗೆಳತ್ಯಾರೆಲ್ಲಾ ಹಿಡದಾರಂತ. "ಅವರಿಗೆಲ್ಲಾ ಗೊತ್ತಾಗ್ತೈತಿ ನಾ ನೀರು ಕುಡದಿದ್ದು." ಬಾಗಲಾ ಹಾಕ್ಕೊಂಡು ನೀರು ಕುಡೀತಾಳ, ಕಳ್ಳರಂಗ. ಬಾಬಾಗ ಫೋನ್ ಹಚ್ಚಿ ಕೊಟ್ಟೆ. ಬಾಬಾ ಏನು ಹೇಳಿದ್ರೋ ಗೊತ್ತಿಲ್ಲ. ಸಮಾಧಾನ ಆದ್ಲು. ಇಫ್ತಾರ್‌ಗೆ ಎಲ್ಲಾರಿಗೂ ಖಜೂರ ಹಂಚೂ ಕೆಲಸ ಆಕಿದಂತ, ಅದು ದೊಡ್ಡ ಸವಾಬ್, ಪುಣ್ಯ ಅಂತ.

ಬಾಬಾ ಫೋನಿನ್ಯಾಗ ಕಡೀಕ ಕೇಳಿದ್ರು — ಆ ಯೂರಿಯಾ ತಪ್ಪಿಸಿಲ್ಲ ಹೌದಿಲ್ಲೋ?

ಮೇ 20. ಹುಬ್ಬಳ್ಳಿ

ತಪಾಸಣಿ. ಹದಿನೇಳು.

ಒಳಗ ರಕ್ತ ತಗೊಳ್ಳೂತನಕ ನಾವು ಹೊರಗ ಬೆಂಚಿನ ಮ್ಯಾಲ. ಬಾಜೂಕ ಒಬ್ಬಾಕಿ ಸಣ್ಣ ವಯಸ್ಸಿನ ತಾಯಿ, ತೊಡಿ ಮ್ಯಾಲ ಕೂಸು. ನಮ್ಮ ಸಿದ್ದಿಯವರ ಇರಬೇಕು ಅನಸ್ತು, ಕೂದಲ ನೋಡಿ. ಜೆಸ್ಸಿಕಾ ಅಂತ. ಮುಂಡಗೋಡ ತಾಲೂಕು, ಇಂದೂರ ಕಡೆ ಹಳ್ಳಿ. ಕೂಸಿಗೆ ಏಳು ತಿಂಗಳು. ಎರಡೂ ಕೈ ಬಾತಿದ್ವು, ಬೊಟ್ಟು ಮಡಚಾಕ ಬರವಲ್ದು. ಅತ್ತು ಅತ್ತು ದನಿ ಬಿದ್ದಿತ್ತು.

ಜೈನಾಬಿ ಆ ಕೈ ನೋಡಿದ್ಲು. ನನ್ನ ಕಡೆ ನೋಡಿದ್ಲು. ಸರದು ಆಕಿ ಮಗ್ಗಲಕ ಕೂತ್ಲು.

"ಆರನೇ ತಿಂಗಳಿಗೆ ಶುರು ಆತಿಲ್ಲ?"

ಆ ಹುಡುಗಿ ಗಾಬರಿಯಿಂದ ನೋಡಿದ್ಲು. "ಹೌದ್ರಿ ಅಕ್ಕಾ. ನಿಮಗ ಹೆಂಗ ಗೊತ್ತು?"

"ಅಲ್ಲೀತನಕ ಗುಂಡಗ ಇತ್ತು."

"ಭಾಳ ಗುಂಡಗ ಇತ್ರಿ." ಅಳಾಕ ಹತ್ತಿದ್ಲು. "ನಾನ ಮಾಡಿದ್ದು. ತಣ್ಣೀರಿಲೆ ಎರದೆ. ಒಂದ ದಿನಾ. ಕಟಿಗಿ ತೊಯ್ದಿದ್ವು, ಒಲಿ ಹತ್ತಲಿಲ್ಲ. ಮರುದಿನಾ ಕೈ ಬಾತ್ವು. ನಮ್ಮ ಅತ್ತಿ ಮುಂದ ಇನ್ನೂ ಹೇಳಿಲ್ಲ ನಾ."

"ಕೇಳು ಇಲ್ಲೆ," ಅಂದ್ಲು ಜೈನಾಬಿ. ಆಕಿ ಕೈ ಹಿಡಕೊಂಡ್ಲು. "ಥಂಡಿಗೆ ನೋವು ಎದ್ದಿರಬೇಕು. ರೋಗ ನೀರಿಂದ ಬಂದದ್ದಲ್ಲ. ಡಾಕ್ಟರ್ ಟೆಸ್ಟ್ ಮಾಡಿ ಹೇಳ್ತಾರ, ನಾ ಡಾಕ್ಟರ್ ಅಲ್ಲ. ಆದ್ರ ನನ್ನ ಮಗಳಿಗೆ ಇದ್ದದ್ದ ಇದಕ್ಕೂ ಇದ್ರ, ನಿಂದು ಏನೂ ತಪ್ಪಿಲ್ಲ. ಹುಟ್ಟಿದಾಗ ಒಂದು ನಮೂನಿ ರಕ್ತ ಇರ್ತೈತಿ, ಆರು ತಿಂಗಳಿಗೆ ಇನ್ನೊಂದಕ್ಕ ಬದಲಿ ಆಗ್ತೈತಿ. ಕೂಸು ಏಳೂದು, ಕೂಡೂದು, ಹಲ್ಲು ಬರೂದು ಹೆಂಗೋ ಹಂಗ. ನೀ ಬಿಸಿನೀರಿಲೆ ಎರದಿದ್ರೂ ಬದಲಿ ಆಗೂದ ಇತ್ತು."

"ಖರೇನ್ರಿ?"

"ಖರೇ."

"ಖರೇನ್ರಿ ಅಕ್ಕಾ?"

"ಖರೇ. ಎಷ್ಟು ಸಲ ಬೇಕಾದ್ರೂ ಕೇಳು. ನಾನೂ ಕೇಳಿದ್ದೆ."

ಅಷ್ಟರಾಗ ಸಮೀನಾ ಹೊರಗ ಬಂದ್ಲು, ಮೊಣಕೈಗೆ ಹತ್ತಿ ಒತ್ತಿ ಹಿಡಕೊಂಡು. ಕೂಸಿನ ಮುಂದ ಕುಕ್ಕರಗಾಲಿಲೆ ಕೂತು ಮಾರಿ ಡೊಂಕ ಮಾಡಿದ್ಲು. ಕೂಸು ನಗಲಿಲ್ಲ. ಆದ್ರ ಅಳೂದು ನಿಲ್ಲಿಸಿ ನೋಡಿತು. ಆ ಹುಡುಗಿ, ಜೆಸ್ಸಿಕಾ, ಕೂಸನ್ನ ಬಿಟ್ಟು ನಮ್ಮ ಸಮೀನಾನ್ನ ನೋಡಾಕ ಹತ್ತಿದ್ಲು. ತಲಿಯಿಂದ ಕಾಲಿನತನಕ. ಎಷ್ಟನೇ ಕ್ಲಾಸು, ಏನು ಉಣ್ತಾಳ, ಓಡ್ತಾಳೇನು — ಒಂದರ ಮ್ಯಾಲ ಒಂದು ಕೇಳಿದ್ಲು. ಸಮೀನಾನ ಉತ್ತರ ಕೊಟ್ಲು ಎಲ್ಲಾದಕ್ಕೂ. ಮೂಗಿನ ಸುದ್ದಿನೂ ಹೇಳಿದ್ಲು.

ಜೈನಾಬಿ ನಮ್ಮ ನಂಬರ್ ಬರಕೊಟ್ಟು ಬಂದಾಳ.

ಜೂನ್ 16

ಜೆಸ್ಸಿಕಾ ಫೋನ್ ಮಾಡಿದ್ಲು. ಅದ ಐತಿ, ಸಿಕಲ್ ಸೆಲ್. ಅತ್ತ ಮುಗಿಸಿ ಮಾಡ್ಯಾಳ ಅನಸ್ತೈತಿ, ದನಿ ಒಣಗಿತ್ತು. ಅತ್ತಿಗೂ ಹೇಳ್ಯಾಳಂತ, ನೀರಿಂದ ಅಲ್ಲ ಅಂತ. ಜೈನಾಬಿ ಅಡಗಿ ಬಿಟ್ಟು ಹಿತ್ತಲಕ್ಕ ಹೋಗಿ ಮಾತಾಡಿದ್ಲು. ಪಲ್ಯಾ ಹೊತ್ತಿತು. ಹಂಗ ಉಂಡ್ವಿ.

ಜುಲೈ 28

ಏನು ಬರೀಬೇಕು. ಆಟೋದ ಕ್ಲಚ್ ವೈರ್ ಹರೀತು. ಸೂಪಾ ಡ್ಯಾಮಿನ್ಯಾಗ ನೀರು ಏರಾಕತ್ತೈತಿ ಅಂತ ಮಂದಿ ಮಾತಾಡ್ತಾರ. ಸಮೀನಾ ಶಾಲಿಗೆ ಹೋಗ್ಯಾಳ, ಬಂದಾಳ. ಮತ್ತ ಹೋಗ್ಯಾಳ.

ಆಗಸ್ಟ್ 22

ಹಾಳಿ ತಿರುವಿ ನೋಡಿದೆ. ತಿಂಗಳಾತು ಬರದು. ಹಿಂದ ಹಾಳಿ ಖಾಲಿ ಇದ್ರ ನಾವು ದವಾಖಾನ್ಯಾಗ ಇದ್ದಿವಿ ಅಂತ ಅರ್ಥ. ಈ ಸಲ ಹಂಗಲ್ಲ. ಪುರಸೊತ್ತ ಇದ್ದಿಲ್ಲ ಅಷ್ಟ.

ಆಗಸ್ಟ್ 28. ಸಂಜೆ 5

ಮನಿ ಮುಂದ ಆಟೋದಾಗ ಕೂತು ಬರ್ಯಾಕತ್ತೇನಿ.

ಇವತ್ತ ಶಾಲಿಂದ ಕರಕೊಂಡು ಬರಾಕ ಹೋದೆ. ಗೇಟಿನ್ಯಾಗ ಸುನಂದಾ ಟೀಚರ್ ನಿಂತಿದ್ರು. ಹಿಂದ ಅವರು ಗೇಟಿಗೆ ಬಂದು ನಿಂತ್ರ ಒಂದ ಸುದ್ದಿ ಇರ್ತಿತ್ತು.

"ಗಾಬರಿ ಆಗಬ್ಯಾಡ್ರಿ," ಅಂದ್ರು. "ಬಿದ್ದಾಳ. ಕೊಕ್ಕೋ ಆಡೂಮುಂದ."

ಕೊಕ್ಕೋ ಆಡ್ತಾಳ ಅನ್ನೂದ ನಮಗ ಗೊತ್ತಿದ್ದಿಲ್ಲ. ಟೀಚರ್‌ಗೆ ಹೇಳಿದ್ಲಂತ, ಮನ್ಯಾಗ ಹೇಳಬ್ಯಾಡ್ರಿ ಅಂತ. ಬ್ಯಾಸರ ಬಂದ್ರ ಕೂಡ್ತೇನಿ, ನೀರು ಕುಡೀತೇನಿ, ಮಳಿ ಬಂದ್ರ ಒಳಗ ಬರ್ತೇನಿ — ಎಲ್ಲಾ ಕರಾರು ತಾನ ಹಾಕ್ಯಾಳ.

ಮೊಣಕಾಲು ಕೆತ್ತೇತಿ. ಕೆಸರು, ರಕ್ತ, ಎರಡೂ. ಆಟೋದಾಗ ಕುಂಟಿಕೋತ ಹತ್ತಿದ್ಲು. ದಾರಿತುಂಬ ಅತ್ಲು, ಬಾಯಿ ತಗದು, ಎಲ್ಲಾ ಹುಡುಗ್ರು ಅಳೂವಂಗ. ಯಾರು ದೂಡಿದ್ರು, ಯಾಕ ದೂಡಿದ್ರು, ಔಟ್ ಹೆಂಗ ಖೋಟಾ ಇತ್ತು. ಜ್ಯೋತಿಬಾ ಎದುರಿಗೆ ಬಂದ, ಆಟೋ ನಿಲ್ಲಿಸಿ "ಏನಾತೋ" ಅಂದ. ಬಿದ್ದಾಳ ಅಂದೆ. ನಗಾಕ ಹತ್ತಿದ. ನಾನೂ ನಕ್ಕೆ. ಸಮೀನಾಗ ಇನ್ನಷ್ಟು ಸಿಟ್ಟು ಬಂತು. ನನಗ ನೋವಾಗೇತಿ, ನೀವು ನಗ್ತೀರಿ.

ಹೆಂಗ ಹೇಳಬೇಕು ಆಕಿಗೆ. ಇಷ್ಟು ವರ್ಷದಾಗ ಆಕಿ ನೋವು ಎಲ್ಲಿಂದ ಬಂತು ಅಂತ ಕಣ್ಣಿಗೆ ಕಂಡಿದ್ದು ಇದ ಮೊದಲ. ಕೆತ್ತಿದ ಮೊಣಕಾಲು. ಇಲ್ಲೆ ಐತಿ ಅಂತ ಬೊಟ್ಟು ಮಾಡಿ ತೋರಿಸೂವಂಥಾ ನೋವು. ಎಂಟು ದಿನಕ್ಕ ಹಕ್ಕಳಿ ಕಟ್ಟಿ ಉದರಿ ಹೋಗೂವಂಥಾದ್ದು.

ಜೈನಾಬಿ ಬಾಗಲದಾಗ ನಿಂತು ನೋಡಿದ್ಲು. ಮೊದಲ ಕೈಯಾನ ಸೌಟು ಬೀಳಿಸಿದ್ಲು. ಆಮ್ಯಾಲ ಹತ್ರ ಬಂದು ಬಗ್ಗಿ ನೋಡಿದ್ಲು. ಕೆಸರು ಒರಸಿ ಮತ್ತ ನೋಡಿದ್ಲು. "ಬಿದ್ದಿದ್ದೇನು? ಬರೇ ಬಿದ್ದಿದ್ದೇನು?" ಅಂದ್ಲು. ಕೆಳಗ ಕೂತುಬಿಟ್ಲು, ಮೆಟ್ಟಲ ಮ್ಯಾಲ, ಮಗಳ ಕಾಲು ಹಿಡಕೊಂಡು. ಆಕಿ ಭುಜ ಅಲ್ಲಾಡಾಕತ್ತಿತ್ತು. ನಗಾಕತ್ತಾಳೋ ಅಳಾಕತ್ತಾಳೋ ನಂಗ ಇಲ್ಲಿಂದ ಕಾಣಲಿಲ್ಲ.

ಒಳಗಿಂದ ಸಮೀನಾ ಕೂಗಾಕತ್ತಾಳ. ಅಬ್ಬಾ, ಉರೀತೈತಿ, ಡೆಟಾಲ್ ಬ್ಯಾಡ ಅಂತ ಹೇಳು ಅಮ್ಮಿಗೆ. ಅಬ್ಬಾ, ಲಗೂನ ಬಾ.

ಬಂದೆ ತಡಿ ಅಂದೇನಿ. ನಾಳೆ ಕೊಕ್ಕೋಕ್ಕ ಕಳಸೂದೋ ಬ್ಯಾಡೋ ಅಂತ ಜೈನಾಬಿ ಜೋಡಿ ಮಾತಾಡಬೇಕು. ಮತ್ತ ಕೂಗಿದ್ಲು, ಹೊಂಟೆ.